ಪುಟ್ಟ ಇಂಗ್ಲಿಷ್ ಪ್ಯಾರಿಷ್ ಒಂದರ ಊರ ಚರಿತ್ರೆ, ಮನೆತನದ ಚರಿತ್ರೆ: ಹುಡುಕುವ ಕ್ರಮ

ಇಂಗ್ಲೆಂಡಿನ ಹಳ್ಳಿಯೊಂದರ ಅಥವಾ ಆ ಹಳ್ಳಿಯ ಮನೆತನವೊಂದರ ಚರಿತ್ರೆಯನ್ನು ಹುಡುಕಲು ಹೊರಟವರು ಬಹುಮಟ್ಟಿಗೆ ವಂಶವೃಕ್ಷದಿಂದಲೇ ಆರಂಭಿಸುತ್ತಾರೆ. ಹೆಸರೊಂದನ್ನು ಕಂಪ್ಯೂಟರಿನಲ್ಲಿ ಹುಡುಕಿ, ಸಿಕ್ಕಿದ ಮೊದಲ ದೀಕ್ಷಾಸ್ನಾನದ ದಾಖಲೆಯನ್ನು ಅಜ್ಜನದೆಂದು ಒಪ್ಪಿಕೊಂಡು, ಅಲ್ಲಿಂದ ಮುತ್ತಜ್ಜನಿಗೆ ಏರುತ್ತಾರೆ. ಈ ದಾರಿ ಬೇಗ ಸಾಗುತ್ತದೆ. ಆದರೆ ಎಲ್ಲಿ ಎಡವಿದೆವೆಂದು ಗೊತ್ತಾಗುವ ಹೊತ್ತಿಗೆ ಮೂರು ತಲೆಮಾರು ಬೇರೆಯವರ ಮನೆಯವರಾಗಿರುತ್ತಾರೆ. ಹಾಗಾಗಿ ಇಲ್ಲಿ ಕ್ರಮವನ್ನು ತಿರುಗಿಸಿದ್ದೇನೆ: ಮೊದಲು ಪ್ಯಾರಿಷ್ ಎಂಬ ಘಟಕ, ಆಮೇಲೆ ಅದು ಬರೆದಿಟ್ಟ ಕಾಗದ, ಕೊನೆಗೆ ಆ ಕಾಗದದಲ್ಲಿ ಕಾಣುವ ಮನುಷ್ಯರು.

ಪ್ಯಾರಿಷ್ ಎಂದರೆ ಒಬ್ಬ ಪಾದ್ರಿಯ ಹೊಣೆಗೆ ಸೇರಿದ ಚರ್ಚಿನ ವ್ಯಾಪ್ತಿ ಎಂಬುದು ಅರ್ಧ ಮಾತ್ರ ನಿಜ. 16ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಊರಿನ ಮಟ್ಟಿಗೆ ಸರ್ಕಾರವೂ ಅದೇ ಆಗಿತ್ತು. ಚರ್ಚ್‌ವಾರ್ಡನ್‌ಗಳು, ಬಡವರ ಮೇಲ್ವಿಚಾರಕರು, ಕಾನ್‌ಸ್ಟೇಬಲ್, ರಸ್ತೆಯ ಮೇಲ್ವಿಚಾರಕ ಎಂಬ ಹುದ್ದೆಗಳನ್ನು ಊರಿನವರೇ ವರ್ಷಕ್ಕೊಬ್ಬರಂತೆ ಸಂಬಳವಿಲ್ಲದೆ ಹೊರಬೇಕಿತ್ತು. ವೆಸ್ಟ್ರಿ ಎಂಬ ಸಭೆ ಸೇರಿ, ಹಿಡುವಳಿಯ ಬೆಲೆಗೆ ತಕ್ಕಂತೆ ಮನೆಮನೆಯಿಂದ ಪಟ್ಟಿ ಎತ್ತಿ, ಬಂದದ್ದಕ್ಕೂ ಹೋದದ್ದಕ್ಕೂ ಲೆಕ್ಕ ಬರೆಯುತ್ತಿದ್ದರು. ಈ ಕಾಗದಗಳಲ್ಲಿ ಯಾವುದೂ ಚರಿತ್ರೆಗೆಂದು ಹುಟ್ಟಿದ್ದಲ್ಲ. ಹೆಚ್ಚಿನವು ಯಾರು ಯಾರಿಗೆ ಹಣ ಕೊಡಬೇಕು ಎಂಬ ಪ್ರಶ್ನೆಗೆ ಹುಟ್ಟಿದವು. ಆದುದರಿಂದ ಕೈಗೆ ಬಂದ ಪ್ರತಿಯೊಂದು ದಾಖಲೆಯ ಮುಂದೆಯೂ ಮೊದಲು ಕೇಳಬೇಕಾದದ್ದು ಇಷ್ಟು: ಇದನ್ನು ಯಾರು, ಯಾವ ಖರ್ಚಿನ ಭಯಕ್ಕೆ ಅಥವಾ ಯಾವ ಹಕ್ಕಿನ ಆಸೆಗೆ ಬರೆದರು? ಈ ಪ್ರಶ್ನೆ ಕೇಳುವ ಅಭ್ಯಾಸವಾದರೆ ಉಳಿದದ್ದೆಲ್ಲ ತಾಳ್ಮೆಯ ಕೆಲಸ.

ಉದಾಹರಣೆಗೆ ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿಯ ಲ್ಯಾಕ್ಸ್‌ಟನ್ ಎಂಬ ಹಳ್ಳಿಯನ್ನು ಇಟ್ಟುಕೊಳ್ಳುತ್ತೇನೆ. ಊರು ಸಣ್ಣದು. ಕಾಗದ ಮಾತ್ರ ಸಮೃದ್ಧವಾಗಿದೆ, ಮತ್ತು ಕನ್ನಡಿಗನಿಗೆ ಅಲ್ಲಿ ಒಂದು ಅಚ್ಚರಿಯೂ ಕಾದಿದೆ.

ಹೆಜ್ಜೆ 1: ಎಲ್ಲೆಯನ್ನು ಖಚಿತ ಮಾಡಿಕೊಳ್ಳಿ

ಲ್ಯಾಕ್ಸ್‌ಟನ್ ಎಂಬ ಹೆಸರಿನ ಊರು ನಾರ್ಥ್ಯಾಂಪ್ಟನ್‌ಶೈರ್‌ನಲ್ಲಿಯೂ ಇದೆ, ಯಾರ್ಕ್‌ಶೈರ್‌ನ ಈಸ್ಟ್ ರೈಡಿಂಗ್‌ನಲ್ಲಿಯೂ ಇದೆ. ಕೌಂಟಿಯ ಹೆಸರಿಲ್ಲದ ದಾಖಲೆಯನ್ನು ನಂಬಬಾರದು ಎಂಬ ನಿಯಮ ಇಲ್ಲಿಂದಲೇ ಶುರುವಾಗುತ್ತದೆ. ನಾಟಿಂಗ್‌ಹ್ಯಾಮ್‌ಶೈರ್‌ನ ಊರೇ ಹಳೆಯ ಕಾಗದಗಳಲ್ಲಿ ಲೆಕ್ಸಿಂಗ್‌ಟನ್ ಎಂದೂ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಊರಿನ ಹೆಸರಿನ ಎಲ್ಲ ಕಾಗುಣಿತಗಳ ಪಟ್ಟಿಯೊಂದನ್ನು ಮೊದಲ ದಿನವೇ ಬರೆದಿಟ್ಟುಕೊಂಡು ಪ್ರತಿಯೊಂದರಿಂದಲೂ ಹುಡುಕಬೇಕು.

ಆಮೇಲೆ ಪ್ಯಾರಿಷ್‌ನ ಒಳಗಿನ ಹಳ್ಳಿಗಳನ್ನು ನೋಡಿ. ಲ್ಯಾಕ್ಸ್‌ಟನ್ ಪ್ಯಾರಿಷ್‌ಗೆ ಮೂರ್‌ಹೌಸ್ ಎಂಬ ಚಿಕ್ಕ ಊರೂ ಸೇರಿತ್ತು. ಮೂರ್‌ಹೌಸ್‌ನವರನ್ನು ಹುಡುಕುವವರು ಲ್ಯಾಕ್ಸ್‌ಟನ್ ಪುಸ್ತಕಗಳನ್ನು ತೆರೆಯದಿದ್ದರೆ ಏನೂ ಸಿಗದು. ಚರ್ಚಿನ ಪ್ಯಾರಿಷ್ ಮತ್ತು ಆಡಳಿತದ ಪ್ಯಾರಿಷ್ ಬೇರೆ ಬೇರೆ ಎಂಬುದೂ ನೆನಪಿರಲಿ: 1894ರ ಸ್ಥಳೀಯ ಆಡಳಿತ ಕಾಯ್ದೆ ಪ್ಯಾರಿಷ್ ಕೌನ್ಸಿಲ್‌ಗಳನ್ನು ತಂದ ಮೇಲೆ ಊರಿನ ಆಡಳಿತದ ಕಡತ ಚರ್ಚಿನ ಪೆಟ್ಟಿಗೆಯಿಂದ ಹೊರಬಂತು.

ಮೂರನೆಯದು ಬಿಷಪ್‌ನ ವ್ಯಾಪ್ತಿ. ನಾಟಿಂಗ್‌ಹ್ಯಾಮ್‌ಶೈರ್ 1837ರವರೆಗೆ ಯಾರ್ಕ್ ಧರ್ಮಪ್ರಾಂತದಲ್ಲಿತ್ತು, ಬಳಿಕ ಲಿಂಕನ್‌ಗೆ ಹೋಯಿತು, 1884ರಲ್ಲಿ ಹೊಸದಾಗಿ ಹುಟ್ಟಿದ ಸೌತ್‌ವೆಲ್‌ಗೆ ಸೇರಿತು. ಇದು ಒಣ ಮಾಹಿತಿಯೆಂದು ಕಾಣಬಹುದು. ಆದರೆ ಉಯಿಲು ಯಾವ ನಗರದ ಕಪಾಟಿನಲ್ಲಿದೆ, ರಿಜಿಸ್ಟರಿನ ನಕಲು ಯಾರ ಬಳಿ ಹೋಯಿತು ಎಂಬುದೆಲ್ಲ ಇದರ ಮೇಲೆ ನಿಂತಿದೆ. ನಾಟಿಂಗ್‌ಹ್ಯಾಮ್‌ನ ಕೌಂಟಿ ಪತ್ರಾಗಾರ, ಯಾರ್ಕ್‌ನ ಬೋರ್ತ್‌ವಿಕ್ ಸಂಸ್ಥೆ, ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ, ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರ ಎಂಬ ನಾಲ್ಕು ಕಡೆ ನಮ್ಮ ಒಂದೇ ಹಳ್ಳಿ ಹಂಚಿಹೋಗಿದೆ. ರಾಷ್ಟ್ರೀಯ ಪತ್ರಾಗಾರದ ‘ಡಿಸ್ಕವರಿ’ ಸೂಚಿಯಲ್ಲಿ ಊರಿನ ಹೆಸರು ಹಾಕಿ ಹುಡುಕಿದರೆ ಉಳಿದ ಪತ್ರಾಗಾರಗಳ ಕಡತಗಳ ಸುಳಿವೂ ಸಾಕಷ್ಟು ಸಿಗುತ್ತದೆ.

ಹೆಜ್ಜೆ 2: ಹತ್ತಿರದ ಕಾಲದಿಂದ ಹಿಂದಕ್ಕೆ ನಡೆಯಿರಿ

ಗೊತ್ತಿರುವ ವ್ಯಕ್ತಿಯಿಂದ ಗೊತ್ತಿಲ್ಲದವನ ಕಡೆಗೆ ಹೋಗಬೇಕೇ ಹೊರತು, ಹೆಸರಾಂತ ಪೂರ್ವಜನೊಬ್ಬನನ್ನು ಹಿಡಿದು ಕೆಳಗಿಳಿಯಬಾರದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ 1837ರ ಜುಲೈ 1ರಿಂದ ಆರಂಭವಾಯಿತು. ಈ ನೋಂದಣಿ ಕಚೇರಿಯ ಹೊಸ ಆನ್‌ಲೈನ್ ಸೂಚಿಯಲ್ಲಿ 1837ರಿಂದಲೇ ಮಗುವಿನ ತಾಯಿಯ ತವರಿನ ಮನೆತನದ ಹೆಸರು ಕೊಟ್ಟಿದ್ದಾರೆ. ಹಳೆಯ ಸೂಚಿಯಲ್ಲಿ ಅದು 1911ರ ನಂತರ ಮಾತ್ರ ಇತ್ತು. ಒಂದೇ ಊರಿನ ಇಬ್ಬರು ವಿಲಿಯಂಗಳನ್ನು ಬೇರ್ಪಡಿಸಲು ಇದಕ್ಕಿಂತ ಸುಲಭದ ಸಾಧನ ಬೇರಿಲ್ಲ. ಜನನ ನೋಂದಾಯಿಸದಿದ್ದರೆ ದಂಡವೆಂಬ ಭಯ ಬಂದದ್ದು 1875ರ ಬಳಿಕ. ಅದಕ್ಕೆ ಮೊದಲು ಕೆಲವು ಮಕ್ಕಳು ತಪ್ಪಿಹೋಗಿದ್ದಾರೆ. ಅವರನ್ನು ಚರ್ಚಿನ ಪುಸ್ತಕದಲ್ಲಿ ಹುಡುಕಬೇಕು.

ಜನಗಣತಿ 1801ರಿಂದ ಹತ್ತು ವರ್ಷಕ್ಕೊಮ್ಮೆ ನಡೆದಿದ್ದರೂ ಇಡೀ ದೇಶದ ಹೆಸರುಗಳು ಸಿಗುವುದು 1841ರಿಂದ. ಆ ವರ್ಷ 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯುವಂತೆ ಸೂಚನೆಯಿತ್ತು. 34 ವರ್ಷದವನು 30 ಎಂದು ಕಾಣುವುದು ಹೀಗೆ. ಮನೆಯ ಯಜಮಾನನಿಗೆ ಏನಾಗಬೇಕು, ಹುಟ್ಟಿದ ಪ್ಯಾರಿಷ್ ಯಾವುದು ಎಂಬ ಎರಡು ಅಮೂಲ್ಯ ಕಲಮುಗಳು 1851ರಲ್ಲಿ ಬಂದವು. 1911ರ ನಮೂನೆಯಲ್ಲಿ ಮದುವೆಯಾಗಿ ಎಷ್ಟು ವರ್ಷವಾಯಿತು, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ತೀರಿಕೊಂಡರು ಎಂದು ಕೇಳಿದ್ದರು. ಆ ಮೂರನೆಯ ಅಂಕಿಯನ್ನು ಮನೆಯವರೇ ಕೈಬರಹದಲ್ಲಿ ತುಂಬಿರುವುದನ್ನು ನೋಡಿದಾಗ ಓದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಗಣತಿಯ ಕಾಗದಗಳು ನೂರು ವರ್ಷ ಮುಚ್ಚಿರುತ್ತವೆ. 1921ರದ್ದು 2022ರ ಜನವರಿಯಲ್ಲಿ ತೆರೆಯಿತು. 1931ರದ್ದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಆ ಕಂದಕ ದಾಟಲು ಇರುವ ಏಕೈಕ ಸೇತುವೆ 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ನೋಂದಣಿ ಪುಸ್ತಕ.

ಊರ ಚರಿತ್ರೆ ಬರೆಯುವವರು ತಮ್ಮ ಮನೆತನವನ್ನಷ್ಟೇ ಅಲ್ಲ, ಪ್ಯಾರಿಷ್‌ನ ಇಡೀ ಗಣತಿಯನ್ನು ಹಾಳೆಗೆ ಇಳಿಸಿಕೊಳ್ಳುವುದು ಒಳ್ಳೆಯದು. ಸಣ್ಣ ಹಳ್ಳಿಗೆ ಕೆಲವು ಸಂಜೆಗಳು ಸಾಕು. ಯಾರ ಪಕ್ಕದಲ್ಲಿ ಯಾರಿದ್ದರು, ಕೂಲಿಯಾಳು ಯಾವ ರೈತನ ಮನೆಯಲ್ಲಿ ಮಲಗುತ್ತಿದ್ದ, ಅಳಿಯನಾದವನು ಹತ್ತು ವರ್ಷ ಹಿಂದೆ ಅದೇ ಮನೆಯ ಆಳಾಗಿದ್ದನೇ ಎಂಬುದು ಒಂಟಿ ಹೆಸರಿನ ಹುಡುಕಾಟದಲ್ಲಿ ಎಂದೂ ಕಾಣದು.

ಹೆಜ್ಜೆ 3: ಚರ್ಚಿನ ರಿಜಿಸ್ಟರುಗಳನ್ನು ಅವುಗಳ ಕಾಲಕ್ಕೆ ತಕ್ಕಂತೆ ಓದಿ

1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ಪ್ರತಿಯೊಂದು ಪ್ಯಾರಿಷ್ ತನ್ನ ದೀಕ್ಷಾಸ್ನಾನ, ಮದುವೆ, ಹೂಳಿಕೆಗಳನ್ನು ಪುಸ್ತಕದಲ್ಲಿ ಬರೆಯಬೇಕು, ಪುಸ್ತಕವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಬೇಕು ಎಂದು ಆಜ್ಞೆ ಹೊರಡಿಸಿದನು. ಹೊಸ ತೆರಿಗೆಗೆ ಇದು ಪೀಠಿಕೆಯೆಂದು ಜನ ಗುಮಾನಿಪಟ್ಟರು. ಅವರ ಗುಮಾನಿ ಪೂರ್ತಿ ಸುಳ್ಳೂ ಆಗಲಿಲ್ಲ, ಮುಂದೆ ನೋಡುವಂತೆ. ಮೊದಲ ದಶಕಗಳ ಕಾಗದದ ಪುಸ್ತಕಗಳು ಹೆಚ್ಚಿನ ಕಡೆ ಹಾಳಾಗಿವೆ. 1598ರಲ್ಲಿ ಅವನ್ನು ಚರ್ಮಪತ್ರಕ್ಕೆ ನಕಲು ಮಾಡಬೇಕು, ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ 1558ರಿಂದಲಂತೂ ತಪ್ಪದೆ ಮಾಡಬೇಕು ಎಂದು ಆಜ್ಞೆಯಾಯಿತು. ಎಷ್ಟೋ ಪ್ಯಾರಿಷ್‌ಗಳ ಪುಸ್ತಕ 1558ಕ್ಕೇ ಶುರುವಾಗುವುದಕ್ಕೆ ಕಾರಣ ಇದು. ಅದೇ ಆಜ್ಞೆಯಿಂದ ವರ್ಷಕ್ಕೊಮ್ಮೆ ಬಿಷಪ್‌ಗೆ ನಕಲು ಕಳಿಸುವ ಪದ್ಧತಿಯೂ ಬಂತು. ಮೂಲ ಪುಸ್ತಕದ ಪುಟ ಹರಿದಿದ್ದರೆ ಈ ನಕಲುಗಳನ್ನು ತರಿಸಿ ನೋಡಿ. ಎರಡೂ ಇದ್ದಾಗಲೂ ಹೋಲಿಸಿ ನೋಡಿ, ಏಕೆಂದರೆ ನಕಲು ಮಾಡುವಾಗ ಪಾದ್ರಿ ಮರೆತದ್ದನ್ನು ನೆನಪಿಸಿಕೊಂಡು ಸೇರಿಸಿರುವುದುಂಟು.

ಅಂತರ್ಯುದ್ಧ ಶುರುವಾದ 1642ರಿಂದ ರಾಜ ಮರಳಿದ 1660ರವರೆಗೆ ಬಹಳ ಊರುಗಳಲ್ಲಿ ಪುಟಗಳು ಖಾಲಿ ಅಥವಾ ಅಸ್ತವ್ಯಸ್ತ. 1653ರ ಬಳಿಕ ಮದುವೆಯನ್ನು ಪಾದ್ರಿಯ ಬದಲು ಮ್ಯಾಜಿಸ್ಟ್ರೇಟ್ ಮಾಡಿಸುತ್ತಿದ್ದನು, ದೀಕ್ಷಾಸ್ನಾನದ ಬದಲು ಹುಟ್ಟಿದ ದಿನವನ್ನು ಬರೆಯುತ್ತಿದ್ದರು. ಈ ಕಾಲದಲ್ಲಿ ಮನೆತನದ ಎಳೆ ಕಡಿದರೆ ಗಾಬರಿಯಾಗಬೇಕಿಲ್ಲ. ಉಯಿಲು ಮತ್ತು ಜಮೀನಿನ ಕಾಗದಗಳಿಂದ ದಾಟಬಹುದು.

ಹಣದ ಕಥೆಗೆ ಬರೋಣ. ಉಣ್ಣೆ ವ್ಯಾಪಾರಕ್ಕೆ ಆಸರೆಯಾಗಲೆಂದು 1678ರ ಕಾಯ್ದೆ ಶವವನ್ನು ಉಣ್ಣೆಯ ಬಟ್ಟೆಯಲ್ಲೇ ಸುತ್ತಿ ಹೂಳಬೇಕೆಂದಿತು. ತಪ್ಪಿದರೆ 5 ಪೌಂಡ್ ದಂಡ. ಆದುದರಿಂದಲೇ ಹೂಳಿಕೆಯ ಸಾಲಿನ ಪಕ್ಕದಲ್ಲಿ ‘ಅಫಿಡವಿಟ್’ (ಉಣ್ಣೆಯಲ್ಲೇ ಹೂಳಿದೆವೆಂಬ ಪ್ರಮಾಣಪತ್ರ) ಎಂಬುದರ ಚುಟುಕು ಗುರುತು ಕಾಣುತ್ತದೆ. 1783ರಲ್ಲಿ ಪ್ರತಿಯೊಂದು ನಮೂದಿನ ಮೇಲೆ ಮೂರು ಪೆನ್ಸ್ ಸುಂಕ ಬಿತ್ತು, ಬಡವರಿಗೆ ವಿನಾಯಿತಿ ಇತ್ತು. ಆಗ ಹಲವು ಪುಸ್ತಕಗಳಲ್ಲಿ ‘ಬಡವ’ ಎಂಬ ಗುರುತು ಹೆಚ್ಚುವುದನ್ನು ನೋಡಿ ಊರಿಗೆ ಬರ ಬಂದಿತ್ತೆಂದು ತೀರ್ಮಾನಿಸಬೇಡಿ. 1794ರಲ್ಲಿ ಆ ಸುಂಕ ರದ್ದಾಯಿತು.

ದಿನಾಂಕದ ಬಲೆ ಎಲ್ಲರನ್ನೂ ಒಮ್ಮೆಯಾದರೂ ಹಿಡಿಯುತ್ತದೆ. 1752ಕ್ಕೆ ಮೊದಲು ಇಂಗ್ಲೆಂಡಿನ ಹೊಸವರ್ಷ ಮಾರ್ಚ್ 25ಕ್ಕೆ. 1723ರ ಮೇ 6ರಂದು ಮದುವೆಯಾದ ದಂಪತಿಯ ಮೊದಲ ಮಗುವಿನ ದೀಕ್ಷಾಸ್ನಾನ 1723ರ ಫೆಬ್ರವರಿ 20 ಎಂದು ಪುಸ್ತಕದಲ್ಲಿದೆ ಎಂದಿಟ್ಟುಕೊಳ್ಳಿ. ಇಂದಿನ ಲೆಕ್ಕದಲ್ಲಿ ಓದಿದರೆ ಮಗು ಮದುವೆಗೆ ಮೊದಲೇ ಹುಟ್ಟಿದಂತೆ ಕಾಣುತ್ತದೆ. ಪುಟವನ್ನೇ ನೋಡಿದರೆ ಆ ಸಾಲು 1723ರ ಡಿಸೆಂಬರ್ ನಮೂದುಗಳ ಕೆಳಗಿದೆ, ಅಂದರೆ ಅದು ನಮ್ಮ ಲೆಕ್ಕದ 1724, ಮದುವೆಯಾಗಿ ಒಂಬತ್ತು ತಿಂಗಳ ಮೇಲೆ. ಇಂಥ ದಿನಾಂಕವನ್ನು 1723/4 ಎಂದು ಎರಡೂ ವರ್ಷ ತೋರಿಸಿ ಬರೆದುಕೊಳ್ಳಬೇಕು. ಜಾಲತಾಣದ ಸೂಚಿಯನ್ನಷ್ಟೇ ನೋಡುವವರಿಗೆ ಸಾಲುಗಳ ಈ ಅನುಕ್ರಮ ಕಾಣುವುದಿಲ್ಲ. ಮೂಲ ಪುಟದ ಚಿತ್ರವನ್ನು ನೋಡಲೇಬೇಕೆಂದು ಹಟ ಹಿಡಿಯುವುದು ಇದಕ್ಕೇ. 1752ರಲ್ಲಿ ಸೆಪ್ಟೆಂಬರ್ 2ರ ಮರುದಿನ 14 ಎಂದು ಬಂತು, ನಡುವಿನ ಹನ್ನೊಂದು ದಿನಗಳು ಇಲ್ಲವೇ ಇಲ್ಲ.

1754ರ ಮಾರ್ಚ್ 25ರಿಂದ ಹಾರ್ಡ್‌ವಿಕ್ ಮದುವೆ ಕಾಯ್ದೆ ಜಾರಿಯಾಯಿತು. ಮೂರು ಭಾನುವಾರ ಚರ್ಚಿನಲ್ಲಿ ಬ್ಯಾನ್ಸ್ ಎಂಬ ಪ್ರಕಟಣೆ ಓದಬೇಕು ಇಲ್ಲವೇ ಲೈಸೆನ್ಸ್ ಪಡೆಯಬೇಕು. ವಧೂವರರೂ ಸಾಕ್ಷಿಗಳೂ ಸಹಿ ಹಾಕಬೇಕು. ಓದುಬರಹ ಬಾರದವರು ಎಳೆದ ನಡುಗುವ ಶಿಲುಬೆಯ ಗುರುತು ಎಷ್ಟೋ ಸಲ ಒಬ್ಬ ವ್ಯಕ್ತಿ ಜಗತ್ತಿನಲ್ಲಿ ಬಿಟ್ಟುಹೋದ ಏಕೈಕ ಕೈಬರಹ. ಸಾಕ್ಷಿಗಳ ಹೆಸರನ್ನು ಬಿಡದೆ ಬರೆದುಕೊಳ್ಳಿ, ಅವರು ಬಹುಮಟ್ಟಿಗೆ ಅಣ್ಣ, ತಂಗಿ, ಇಲ್ಲವೇ ಪ್ರತಿ ಮದುವೆಗೂ ಸಹಿ ಹಾಕುವ ಚರ್ಚಿನ ಗುಮಾಸ್ತ. ಮದುವೆ ವಧುವಿನ ಪ್ಯಾರಿಷ್‌ನಲ್ಲಿ ನಡೆಯುವುದು ರೂಢಿ, ಆದ್ದರಿಂದ ಮಗನ ಮದುವೆ ಸ್ವಂತ ಊರಿನ ಪುಸ್ತಕದಲ್ಲಿ ಸಿಗದಿದ್ದರೆ ಹತ್ತು ಮೈಲಿ ಸುತ್ತಳತೆಯ ಪ್ಯಾರಿಷ್‌ಗಳನ್ನು ನೋಡಿ. 1813ರ ಜನವರಿ 1ರಿಂದ ಅಚ್ಚಾದ ನಮೂನೆಗಳು ಬಂದವು, ದೀಕ್ಷಾಸ್ನಾನದ ಪುಟಕ್ಕೆ ಎಂಟು ನಮೂದು; ತಂದೆಯ ಕಸುಬು, ವಾಸದ ಊರು, ಹೂಳಿಕೆಯಲ್ಲಿ ವಯಸ್ಸು ಎಲ್ಲ ಅಲ್ಲಿಂದ ಖಚಿತವಾಗುತ್ತವೆ.

ಕೈಬರಹದ ಬಗ್ಗೆ ಒಂದು ಮಾತು. 16, 17ನೆಯ ಶತಮಾನಗಳ ‘ಸೆಕ್ರೆಟರಿ’ ಲಿಪಿಯಲ್ಲಿ ಸಿ ಅಕ್ಷರ ಆರ್‌ನಂತೆ, ಉದ್ದ ಎಸ್ ಎಫ್‌ನಂತೆ ಕಾಣುತ್ತವೆ. ದೊಡ್ಡ ಎಫ್ ಬರೆಯಲು ಎರಡು ಸಣ್ಣ ಎಫ್ ಹಾಕುತ್ತಾರೆ. ಆ ಪಾದ್ರಿ ಬರೆದ ತಿಂಗಳ ಹೆಸರುಗಳಿಂದ ಅವನದೇ ಅಕ್ಷರಮಾಲೆಯೊಂದನ್ನು ಹಾಳೆಯ ಮೇಲೆ ಮಾಡಿಕೊಂಡರೆ ಎರಡನೆಯ ದಿನದಿಂದ ಓದು ಸಲೀಸಾಗುತ್ತದೆ. ಲ್ಯಾಟಿನ್ ಇದ್ದರೂ ಹೆದರಬೇಕಿಲ್ಲ. ಫಿಲಿಯಸ್ ಎಂದರೆ ಮಗ, ಫಿಲಿಯಾ ಮಗಳು, ಉಕ್ಸೊರ್ ಹೆಂಡತಿ, ಸೆಪುಲ್ಟಸ್ ಹೂಳಲ್ಪಟ್ಟವನು. ರಿಜಿಸ್ಟರಿನ ಲ್ಯಾಟಿನ್ ಹೆಚ್ಚುಕಡಿಮೆ ಇಷ್ಟೇ.

ಹೆಜ್ಜೆ 4: ಒಂದೇ ಹೆಸರಿನವರನ್ನು ಬೇರ್ಪಡಿಸಿ

ಆ ಕಾಲದ ಇಂಗ್ಲಿಷ್ ಹಳ್ಳಿಯಲ್ಲಿ ಹೆಸರಿಗೆ ಬಡತನ. ಜಾನ್, ವಿಲಿಯಂ, ಥಾಮಸ್, ಮೇರಿ, ಎಲಿಜಬೆತ್, ಆ್ಯನ್ ಎಂಬ ಆರು ಹೆಸರುಗಳಲ್ಲೇ ಊರಿನ ದೊಡ್ಡ ಪಾಲು ಮುಗಿಯುತ್ತದೆ. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುತ್ತಿದ್ದರು. ನಾನೇ ಒಮ್ಮೆ ಎರಡು ತಿಂಗಳು ಒಬ್ಬ ಜಾನ್‌ನ ಬೆನ್ನು ಹತ್ತಿ, ಅವನ ಮೊಮ್ಮಕ್ಕಳವರೆಗೂ ಪಟ್ಟಿ ಮಾಡಿ ಮುಗಿಸಿದ ಮೇಲೆ, ಆ ಜಾನ್ ಮೂರು ವಾರದ ಕೂಸಾಗಿದ್ದಾಗಲೇ ತೀರಿಕೊಂಡಿದ್ದನ್ನು ಹೂಳಿಕೆಯ ಪುಟದಲ್ಲಿ ಕಂಡೆ. ಪುಟ ನನ್ನ ಮೇಜಿನ ಮೇಲೆಯೇ ಇತ್ತು, ನೋಡಿರಲಿಲ್ಲ, ಅಷ್ಟೇ.

ಅಂದಿನಿಂದ ಅನುಸರಿಸುವ ಕ್ರಮ ಇದು. ಮನೆತನದ ಹೆಸರಿರುವ ಎಲ್ಲ ದೀಕ್ಷಾಸ್ನಾನ, ಮದುವೆ, ಹೂಳಿಕೆಗಳನ್ನು, ಸಂಬಂಧವಿದೆಯೋ ಇಲ್ಲವೋ ಎಂದು ನೋಡದೆ, ಒಂದೊಂದು ಚೀಟಿಗೆ ಬರೆಯಬೇಕು. ಚೀಟಿಗಳನ್ನು ದಂಪತಿಗಳ ಕೆಳಗೆ ಜೋಡಿಸಬೇಕು. ಪ್ರತಿ ಮಗುವನ್ನೂ ಮೊದಲು ಹೂಳಿಕೆಯ ಚೀಟಿಗಳಲ್ಲಿ ಹುಡುಕಿ, ಅಲ್ಲಿ ಇಲ್ಲವೆಂದು ಖಚಿತವಾದ ಮೇಲೆ ಮಾತ್ರ ಮದುವೆಗೆ ಕಳಿಸಬೇಕು. ಕೊನೆಗೆ ಯಾವ ಚೀಟಿಯೂ ಮನೆಯಿಲ್ಲದೆ ಉಳಿಯಬಾರದು. ಉಳಿದರೆ ನಮ್ಮ ಜೋಡಣೆಯಲ್ಲಿ ತಪ್ಪಿದೆ, ಇಲ್ಲವೇ ಹೊರಗಿನಿಂದ ಬಂದ ಇನ್ನೊಂದು ಕುಟುಂಬವಿದೆ.

ಹೆಜ್ಜೆ 5: ಬಡವರ ಕಡತ

ಸಣ್ಣ ಪ್ಯಾರಿಷ್‌ನ ನಿಜವಾದ ಖಜಾನೆ ಇಲ್ಲಿದೆ. ಶ್ರೀಮಂತರ ಬಗ್ಗೆ ಎಲ್ಲ ಕಡೆ ಬರೆದಿರುತ್ತಾರೆ. ಕೂಲಿಯವನ ಬಾಯಿಮಾತು ಸಿಗುವುದು ಅವನನ್ನು ಸಾಕುವ ಖರ್ಚು ಯಾವ ಊರಿನದು ಎಂಬ ಜಗಳದಲ್ಲಿ ಮಾತ್ರ.

1601ರ ಕಾಯ್ದೆ ಬಡವರ ಪಾಲನೆಯನ್ನು ಪ್ಯಾರಿಷ್‌ನ ತಲೆಗೆ ಕಟ್ಟಿತು. 1662ರ ಕಾಯ್ದೆ ಪ್ರತಿಯೊಬ್ಬನಿಗೂ ಒಂದು ನೆಲೆಯ ಊರು ಇರಬೇಕೆಂದಿತು. ಆ ನೆಲೆಯ ಹಕ್ಕು ತಂದೆಯಿಂದ ಬರಬಹುದು, ಹೆಂಗಸಿಗೆ ಗಂಡನಿಂದ ಬರಬಹುದು, ವರ್ಷಕ್ಕೆ 10 ಪೌಂಡ್ ಬಾಡಿಗೆಯ ಹಿಡುವಳಿಯಿಂದ, ಕಸುಬು ಕಲಿಯಲು ಸೇರಿದ್ದರಿಂದ, ಇಲ್ಲವೇ ಮದುವೆಯಾಗದ ಆಳಾಗಿ ಒಂದು ವರ್ಷ ಪೂರ್ತಿ ಒಬ್ಬ ಯಜಮಾನನ ಬಳಿ ದುಡಿದದ್ದರಿಂದ ಬರಬಹುದು. ರೈತರು ಜಾಣರು. ಆಳುಗಳನ್ನು 51 ವಾರಕ್ಕೆ ಗೊತ್ತುಮಾಡಿ ಕಳಿಸಿಬಿಡುತ್ತಿದ್ದರು. ಒಂದು ವಾರ ಕಡಿಮೆಯಾದರೆ ಮುದಿವಯಸ್ಸಿನಲ್ಲಿ ಅವನನ್ನು ಸಾಕುವ ಹೊಣೆ ಊರಿಗಿಲ್ಲ.

ಕೈಯಲ್ಲಿ ಕಾಸಿಲ್ಲದವನು ನೆರವು ಕೇಳಿದ ಕೂಡಲೇ ಇಬ್ಬರು ಮ್ಯಾಜಿಸ್ಟ್ರೇಟರ ಮುಂದೆ ಅವನ ವಿಚಾರಣೆ ನಡೆಯುತ್ತಿತ್ತು. ಆ ಹೇಳಿಕೆಗಳು ಒಂದೇ ಅಚ್ಚಿನಲ್ಲಿರುತ್ತವೆ: ಇಂಥ ಊರಿನಲ್ಲಿ ಹುಟ್ಟಿದೆನೆಂದು ತಂದೆತಾಯಿ ಹೇಳಿದ್ದನ್ನು ಕೇಳಿದ್ದೇನೆ; ಹನ್ನೆರಡನೆಯ ವಯಸ್ಸಿಗೆ ಇಂಥವರ ಹೊಲಕ್ಕೆ ಸೇರಿದೆ, ಹಬ್ಬದಿಂದ ಹಬ್ಬಕ್ಕೆ ಇಷ್ಟು ಕೂಲಿ; ಆಮೇಲೆ ಇಂಥಲ್ಲಿ ಮದುವೆಯಾದೆ, ಇಷ್ಟು ಮಕ್ಕಳಿದ್ದಾರೆ. ಕೆಳಗೆ ಶಿಲುಬೆಯ ಗುರುತು. ಓದುಬರಹವಿಲ್ಲದ ಮನುಷ್ಯನ ಇಡೀ ಜೀವನಚರಿತ್ರೆ ಅರ್ಧ ಹಾಳೆಯಲ್ಲಿ ಹೀಗೆ ಉಳಿದಿದೆ. ಇದರೊಡನೆ ವಾಪಸಾತಿ ಆದೇಶ, ನೆಲೆಯ ಪ್ರಮಾಣಪತ್ರ, ಮದುವೆಯಿಲ್ಲದೆ ಹುಟ್ಟಿದ ಮಗುವಿನ ಖರ್ಚಿಗೆ ತಂದೆಯಿಂದ ಬರೆಸಿಕೊಂಡ ಮುಚ್ಚಳಿಕೆ, ಇವೆಲ್ಲ ಇರಬಹುದು. ಮೇಲ್ವಿಚಾರಕರ ಲೆಕ್ಕಪುಸ್ತಕದಲ್ಲಿ ಜೋಡಿ ಬೂಟು, ಕಲ್ಲಿದ್ದಲು, ಸೂಲಗಿತ್ತಿಯ ಕೂಲಿ, ಶವಪೆಟ್ಟಿಗೆ ಎಂದು ಒಂದೇ ಹೆಸರಿನ ಮುಂದೆ ವರ್ಷಗಟ್ಟಲೆ ಬರುವ ಖರ್ಚನ್ನು ಕ್ರಮವಾಗಿ ಬರೆದುಕೊಂಡರೆ ಆ ಮನೆಯ ಇಳಿಗಾಲ ತಾನಾಗಿ ಕಾಣುತ್ತದೆ. 1697ರ ಕಾಯ್ದೆಯಂತೆ ನೆರವು ಪಡೆಯುವವರು ಪ್ಯಾರಿಷ್‌ನ ಮೊದಲಕ್ಷರದೊಡನೆ ‘ಪಿ’ ಎಂಬ ಬಿಲ್ಲೆಯನ್ನು ಬಟ್ಟೆಯ ಮೇಲೆ ಧರಿಸಬೇಕಿತ್ತು ಎಂಬುದನ್ನೂ ನೆನಪಿಟ್ಟುಕೊಂಡು ಆ ಲೆಕ್ಕವನ್ನು ಓದಿ.

1834ರ ಬಳಿಕ ಪ್ಯಾರಿಷ್‌ಗಳು ಒಕ್ಕೂಟಗಳಾದವು, ಬಡವರು ವರ್ಕ್‌ಹೌಸ್ ಎಂಬ, ದುಡಿಸಿಕೊಂಡು ಅನ್ನ ಕೊಡುವ ಮನೆಗಳನ್ನು ಸೇರಿದರು. ಆ ಪದ್ಧತಿಗೆ ಮಾದರಿಯಾದ 1824ರ ಕಟ್ಟಡವೇ ಲ್ಯಾಕ್ಸ್‌ಟನ್‌ಗೆ ದೂರವಲ್ಲದ ಸೌತ್‌ವೆಲ್‌ನಲ್ಲಿ ಉಳಿದಿದೆ. ಈಗ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಗಂಡಸರು, ಹೆಂಗಸರು, ಮಕ್ಕಳನ್ನು ಬೇರ್ಪಡಿಸಲು ಕಟ್ಟಿದ ಗೋಡೆಗಳನ್ನು ಕಣ್ಣಾರೆ ನೋಡಿ ಬಂದರೆ ಒಕ್ಕೂಟದ ಕಡತಗಳ ಭಾಷೆ ಬೇರೆಯಾಗಿ ಕೇಳಿಸುತ್ತದೆ.

ಹೆಜ್ಜೆ 6: ಜಮೀನಿನ ಕಾಗದ, ಮತ್ತು ಭಟ್ಕಳದ ನಂಟು

ಇಂಗ್ಲೆಂಡಿನ ಹೆಚ್ಚಿನ ಹಳ್ಳಿಗಳಲ್ಲಿ ಸಾಮುದಾಯಿಕ ಬಯಲು ಹೊಲಗಳು ಬೇಲಿ ಹಾಕುವ ಕಾಯ್ದೆಗಳಿಂದ ಮಾಯವಾದವು. ಲ್ಯಾಕ್ಸ್‌ಟನ್‌ನಲ್ಲಿ ಉಳಿದವು. ಸೌತ್ ಫೀಲ್ಡ್, ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್ ಎಂಬ ಮೂರು ಬಯಲುಗಳಲ್ಲಿ ರೈತರ ಪಟ್ಟೆಗಳು ಇಂದಿಗೂ ಹರಡಿಕೊಂಡಿವೆ, ಚಳಿಗಾಲದ ಗೋಧಿ, ವಸಂತದ ಬೆಳೆ, ಬಿತ್ತದೆ ಬಿಡುವ ಬೀಳು ಎಂದು ಸರದಿ ನಡೆಯುತ್ತದೆ. ನವೆಂಬರ್ ಕೊನೆಯ ಹೊತ್ತಿಗೆ ರೈತರ ಜ್ಯೂರಿ ಟ್ರೇಲರ್ ಏರಿ ಗೋಧಿಯ ಬಯಲಿಗೆ ಹೋಗಿ, ಪಟ್ಟೆಗಳ ಎಲ್ಲೆಗೆ ಮರದ ಗೂಟ ಬಡಿಯುತ್ತದೆ; ಸೈಕ್ ಎಂಬ ಸಾರ್ವಜನಿಕ ಹುಲ್ಲುಪಟ್ಟಿಗೆ ಯಾರ ನೇಗಿಲಾದರೂ ಒತ್ತುವರಿ ಮಾಡಿದ್ದರೆ ಬರೆದುಕೊಂಡು, ಡವ್‌ಕೋಟ್ ಎಂಬ ಪಬ್ಬಿನಲ್ಲಿ ಸೇರುವ ಮ್ಯಾನರ್ (ಜಮೀನ್ದಾರನ ಹಿಡಿತದ ಭೂಮಿ) ಕೋರ್ಟಿನಲ್ಲಿ ದಂಡ ಹಾಕುತ್ತದೆ. ಬದು ಜಗಳ ಕಂಡು ಬೆಳೆದ ನಮಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಿಲ್ಲ.

ಈ ಕೋರ್ಟಿನ ಪೂರ್ವಜರಾದ ಮ್ಯಾನರ್ ಕೋರ್ಟುಗಳ ಸುರುಳಿಗಳು ಮನೆತನದ ಚರಿತ್ರೆಯನ್ನು 1538ಕ್ಕೂ ಹಿಂದೆ ಒಯ್ಯಬಲ್ಲವು. ಕಾಪಿಹೋಲ್ಡ್ ಎಂಬ ಗೇಣಿಯಲ್ಲಿ ರೈತ ಸತ್ತರೆ ಅವನ ವಾರಸುದಾರ ಕೋರ್ಟಿಗೆ ಬಂದು ಕಾಣಿಕೆ ಕಟ್ಟಿ ಹೊಲವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಗ ಸಂಬಂಧ ಬರೆಯಲೇಬೇಕು. ಈ ಗೇಣಿ 1926ರ ಜನವರಿ 1ರಂದು ಕಾನೂನಿನಿಂದ ಕೊನೆಗೊಂಡಿತು. ಯಾವ ಸುರುಳಿ ಎಲ್ಲಿದೆ ಎಂಬುದನ್ನು ರಾಷ್ಟ್ರೀಯ ಪತ್ರಾಗಾರದ ಮ್ಯಾನರ್ ದಾಖಲೆಗಳ ರಿಜಿಸ್ಟರಿನಲ್ಲಿ ನೋಡಿ. 1733ರವರೆಗೆ ಅವು ಸಾಮಾನ್ಯವಾಗಿ ಲ್ಯಾಟಿನ್‌ನಲ್ಲಿವೆ. ಲ್ಯಾಕ್ಸ್‌ಟನ್‌ನ ಜಮೀನ್ದಾರರಾಗಿದ್ದ ಮ್ಯಾನ್ವರ್ಸ್ ಮನೆತನದ ಕಾಗದಗಳು ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿವೆ.

ಊರಿನ ಹೆಮ್ಮೆ 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಸರ್ವೆಯವನು ಬರೆದ ನಕ್ಷೆ. ಪ್ರತಿ ಪಟ್ಟೆಯೂ, ಅದರ ಜೊತೆಯ ಸರ್ವೆ ಪುಸ್ತಕದಲ್ಲಿ ಪ್ರತಿ ಹಿಡುವಳಿದಾರನೂ ಅದರಲ್ಲಿದ್ದಾರೆ. ಹೊಲಗಳಲ್ಲಿ ಉಳುವ, ಕೊಯ್ಯುವ ಪುಟ್ಟ ಮನುಷ್ಯರನ್ನೂ ಬಿಡಿಸಿದ್ದಾನೆ. ಈಗ ಅದು ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಇದನ್ನು ಬರೆಸಿದವನು ಊರನ್ನು ಕೊಂಡಿದ್ದ ಲಂಡನ್ನಿನ ವರ್ತಕ ಸರ್ ವಿಲಿಯಂ ಕೋರ್ಟನ್. ಅದೇ 1635ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಎದುರಾಗಿ ರಾಜನಿಂದ ಪರವಾನಗಿ ಪಡೆದ ವ್ಯಾಪಾರಕೂಟಕ್ಕೆ ಹಣ ಹಾಕಿದವನೂ ಅವನೇ. ಅವನು 1636ರಲ್ಲಿ ತೀರಿಕೊಂಡನು, ಹಡಗುಗಳು ಮುಂದೆ ಸಾಗಿದವು. ಅವುಗಳಲ್ಲಿದ್ದ ಪೀಟರ್ ಮಂಡಿ ಎಂಬ ಇಂಗ್ಲಿಷ್ ವರ್ತಕ 1637ರಲ್ಲಿ ಭಟ್ಕಳದಲ್ಲಿ ಇಳಿದು, ಕೆಳದಿಯ ವೀರಭದ್ರ ನಾಯಕನನ್ನು ಕಾಣಲು ಘಟ್ಟ ಹತ್ತಿ ಇಕ್ಕೇರಿಗೆ ಹೋದನು. ಅವನು ಬರೆದಿಟ್ಟ ವಿವರ ನಮ್ಮ ಮಲೆನಾಡಿನ ಚರಿತ್ರೆಗೆ ಬೇಕಾದದ್ದು. ಒಂದೇ ತಿಜೋರಿಯ ಹಣ ನಾಟಿಂಗ್‌ಹ್ಯಾಮ್‌ಶೈರ್‌ನ ಹೊಲವನ್ನೂ ಅಳೆಸಿತು, ಕೆನರಾ ಕರಾವಳಿಯ ಮೆಣಸನ್ನೂ ಅರಸಿತು. ಪ್ಯಾರಿಷ್‌ನ ಚರಿತ್ರೆ ಪ್ಯಾರಿಷ್‌ನ ಎಲ್ಲೆಯಲ್ಲಿ ನಿಲ್ಲುವುದಿಲ್ಲ ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಿಲ್ಲ. ಜಮೀನ್ದಾರನ ಇತರ ವ್ಯವಹಾರಗಳನ್ನೂ ನೋಡಬೇಕೆಂಬ ಸಲಹೆ ಇದರಿಂದಲೇ ಬಂದದ್ದು.

ಇಂಥ ನಕ್ಷೆ ಎಲ್ಲ ಊರಿಗೂ ಇರುವುದಿಲ್ಲ. ಉಳಿದ ಕಡೆ 1836ರ ಕಾಯ್ದೆಯ ಬಳಿಕ ತಯಾರಾದ ದಶಾಂಶ (ಬೆಳೆಯ ಹತ್ತರಲ್ಲೊಂದು ಪಾಲು ಚರ್ಚಿಗೆ ಕೊಡುವ ಪದ್ಧತಿ) ನಕ್ಷೆಗಳಿವೆ. ಪ್ರತಿ ಹೊಲದ ಸಂಖ್ಯೆ, ಹೆಸರು, ಒಡೆಯ, ಅನುಭವದಾರ ಅವುಗಳಲ್ಲಿ ಸಿಗುತ್ತವೆ. ಬೇಲಿ ಹಾಕುವಾಗಲೇ ಪಾದ್ರಿಗೆ ದಶಾಂಶದ ಬದಲು ಜಮೀನು ಕೊಟ್ಟಿದ್ದ ಊರಿನಲ್ಲಿ ದಶಾಂಶ ನಕ್ಷೆ ಇರದು. ಆಗ ಬೇಲಿಯ ತೀರ್ಪಿನ ನಕ್ಷೆಯನ್ನು ಕೇಳಿ. ಬ್ರಿಟನ್ನಿನ ಸರ್ಕಾರಿ ಸರ್ವೆ ಇಲಾಖೆಯಾದ ಆರ್ಡ್‌ನೆನ್ಸ್ ಸರ್ವೆಯ ಹಳೆಯ ನಕ್ಷೆಗಳನ್ನು ಸ್ಕಾಟ್‌ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಉಚಿತವಾಗಿ ನೋಡಬಹುದು.

ಹೆಜ್ಜೆ 7: ಉಯಿಲು ಮತ್ತು ಚರ್ಚಿನ ನ್ಯಾಯಾಲಯ

1858ರ ಜನವರಿ 12ಕ್ಕೆ ಮೊದಲು ಉಯಿಲು ಸಾಬೀತಾಗುತ್ತಿದ್ದುದು ಚರ್ಚಿನ ನ್ಯಾಯಾಲಯಗಳಲ್ಲಿ. ನಾಟಿಂಗ್‌ಹ್ಯಾಮ್‌ಶೈರ್‌ನವರದ್ದಕ್ಕೆ ಬೋರ್ತ್‌ವಿಕ್ ಮತ್ತು ಕೌಂಟಿ ಪತ್ರಾಗಾರ ಎರಡನ್ನೂ, ಆಸ್ತಿ ಹಲವೆಡೆ ಇದ್ದವರದ್ದಕ್ಕೆ ರಾಷ್ಟ್ರೀಯ ಪತ್ರಾಗಾರವನ್ನೂ ನೋಡಬೇಕು. ಉಯಿಲಿನ ಜೊತೆ ಸಾಮಾನುಗಳ ಯಾದಿ ಇದ್ದರೆ ಕೋಣೆಕೋಣೆಯಾಗಿ ಮನೆಯೊಳಗೆ ನಡೆದ ಹಾಗೆ. ಬಿಷಪ್‌ನ ಕೈಕೆಳಗಿನ ಅಧಿಕಾರಿಯಾದ ನಾಟಿಂಗ್‌ಹ್ಯಾಮ್ ಆರ್ಚ್‌ಡೀಕನ್‌ನ ನ್ಯಾಯಾಲಯದ ಕಾಗದಗಳು ಅದೇ ವಿಶ್ವವಿದ್ಯಾಲಯದಲ್ಲಿವೆ. ಭಾನುವಾರ ಕೆಲಸ ಮಾಡಿದವರು, ಚರ್ಚಿಗೆ ಬಾರದವರು, ಮದುವೆಗೆ ಮೊದಲೇ ಬಸಿರಾದವರು ಎಲ್ಲರ ಮೇಲೂ ಚರ್ಚ್‌ವಾರ್ಡನ್‌ಗಳು ದೂರು ಬರೆದಿದ್ದಾರೆ. ಚಾಡಿಯಂತೆ ಕಂಡರೂ ಊರಿನ ಮಾತುಕತೆ ಇಷ್ಟು ಹತ್ತಿರದಿಂದ ಬೇರೆಲ್ಲೂ ಕೇಳಿಸದು.

ಹೆಜ್ಜೆ 8: ಕರ್ನಾಟಕದ ಸಮಾಧಿಯಿಂದ ಹಿಂದಕ್ಕೆ ಹೋಗುವವರಿಗೆ

ಬೆಂಗಳೂರಿನ ದಂಡುಪ್ರದೇಶದ ಅಥವಾ ಕೋಲಾರ ಚಿನ್ನದ ಗಣಿಯ ಸಮಾಧಿಯೊಂದರಿಂದ ಇಂಗ್ಲೆಂಡಿನ ಊರು ಹುಡುಕುವವರು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದರಾಸು ಪ್ರಾಂತದ ಚರ್ಚ್ ನಕಲುಗಳನ್ನು ಮೊದಲು ನೋಡಬೇಕು; ಮೈಸೂರು ಸೀಮೆಯ ಇಂಗ್ಲಿಷರ ನಮೂದುಗಳು ಅಲ್ಲಿಗೆ ಹೋಗುತ್ತಿದ್ದವು. ಆ ನಕಲುಗಳು ಹುಟ್ಟಿದ ಪ್ಯಾರಿಷ್ ಹೇಳುವುದು ಅಪರೂಪ. ಕಂಪನಿಯ ಸಿಪಾಯಿಯಾದರೆ ಸೇರ್ಪಡೆ ಮತ್ತು ಹಡಗು ಹತ್ತಿದ ಪಟ್ಟಿಗಳಲ್ಲಿ ಊರಿನ ಹೆಸರು ಸಿಗಬಹುದು. ಕೋಲಾರದ ಗಣಿಯನ್ನು 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ನಡೆಸಿದಾಗ ಕಾರ್ನ್‌ವಾಲ್‌ನಿಂದ ಗಣಿಕೆಲಸದವರು ಬಂದರು. ಅವರ ಪ್ಯಾರಿಷ್ ಪುಸ್ತಕಗಳು ರೆಡ್‌ರೂತ್‌ನ ಕ್ರೆಸೆನ್ ಕೆರ್ನೋ ಪತ್ರಾಗಾರದಲ್ಲಿವೆ.

ಹೆಜ್ಜೆ 9: ಊರಿಗೆ ಹೋಗಿ, ಬರೆದಿಡಿ

ಸಮಾಧಿಕಲ್ಲುಗಳನ್ನು ಓರೆಬಿಸಿಲಿನಲ್ಲಿ ಓದಿ. ಸೀಮೆಸುಣ್ಣ ಬಳಿಯುವುದು, ತಂತಿಯ ಬ್ರಷ್ ಉಜ್ಜುವುದು ಕಲ್ಲನ್ನು ಹಾಳುಮಾಡುತ್ತದೆ. ಯುದ್ಧಸ್ಮಾರಕದ ಹೆಸರುಗಳನ್ನು 1911ರ ಗಣತಿಯೊಡನೆ ಜೋಡಿಸಿ. 1914–18ರ ಸೈನಿಕರ ಸೇವಾ ಕಡತಗಳಲ್ಲಿ ಬಹುಪಾಲು 1940ರ ಬಾಂಬ್ ದಾಳಿಯಲ್ಲಿ ಸುಟ್ಟಿವೆ, ಸಿಗದಿದ್ದರೆ ಅಚ್ಚರಿಪಡಬೇಡಿ. ಶಾಲೆಯ ದಿನಚರಿ ಪುಸ್ತಕ ಉಳಿದಿದ್ದರೆ ಸುಗ್ಗಿಗೆ ಮಕ್ಕಳು ಗೈರುಹಾಜರಾದ ವಾರಗಳೂ ಸಿಗುತ್ತವೆ. ಪತ್ರಾಗಾರಕ್ಕೆ ಹೋಗುವ ಮೊದಲು ಓದುಗರ ಚೀಟಿಗೆ ಬೇಕಾದ ಗುರುತಿನ ದಾಖಲೆ ಯಾವುದೆಂದು ಕೇಳಿಕೊಳ್ಳಿ. ಪೆನ್ಸಿಲ್ ಮಾತ್ರ ಒಯ್ಯಿರಿ.

ಪ್ರತಿ ಟಿಪ್ಪಣಿಗೂ ಪತ್ರಾಗಾರದ ಕಡತ ಸಂಖ್ಯೆ, ಪುಟ, ನೋಡಿದ ದಿನ ಸೇರಿಸಿ. ಖಚಿತವಾದ ಸಂಬಂಧವನ್ನು ಶಾಯಿಯಲ್ಲೂ ಊಹೆಯನ್ನು ಪೆನ್ಸಿಲ್‌ನಲ್ಲೂ ಬರೆಯುವ ಹಳೆಯ ಪದ್ಧತಿ ಇಂದಿಗೂ ಒಳ್ಳೆಯದು. ಬದುಕಿರುವವರ ವಿವರಗಳನ್ನು ಹೊರಗಿಡಿ. ಕೆಲಸ ಒಂದು ಹಂತಕ್ಕೆ ಬಂದಾಗ ಒಂದು ಪ್ರತಿಯನ್ನು ಕೌಂಟಿ ಪತ್ರಾಗಾರಕ್ಕೆ ಕೊಟ್ಟು, ಯಾವ ಯಾವ ವರ್ಷಗಳ ಯಾವ ಪುಸ್ತಕಗಳಲ್ಲಿ ಹುಡುಕಿಯೂ ಏನೂ ಸಿಗಲಿಲ್ಲ ಎಂಬ ಪಟ್ಟಿಯನ್ನು ಅದರ ಮೊದಲ ಪುಟದಲ್ಲಿಯೇ ಹಾಕಿ, ಏಕೆಂದರೆ ಮುಂದೆ ಅದೇ ಊರಿಗೆ ಬರುವವರು ಮೊದಲು ತೆರೆಯುವುದು ಆ ಪುಟವನ್ನೇ.